ಒಂದೇ ಸಲ ಒತ್ತಿ

"ಬಳಕೆದಾರರ ತಪ್ಪು" ಎಂಬ ಎರಡು ಪದಗಳನ್ನು ಮೊದಲು ಜೋಡಿಸಿದವನು ಯಾರೋ ಗೊತ್ತಿಲ್ಲ. ಸಿಕ್ಕರೆ ಅವನ ಕಿವಿ ಹಿಂಡಬೇಕೆಂದು ಹನ್ನೆರಡು ವರ್ಷದಿಂದ ಕಾಯುತ್ತಿದ್ದೇನೆ. ಕಂಪ್ಯೂಟರ್ ಇಂಜಿನಿಯರುಗಳಾದ ನಮಗೆ ಊಟಕ್ಕೆ ಉಪ್ಪು ಹೇಗೋ ಆ ಎರಡು ಪದ ಹಾಗೆ. ನಾವು ಬರೆದ ಪ್ರೋಗ್ರಾಂ ಎಲ್ಲೋ ಮುಗ್ಗರಿಸುತ್ತದೆ, ಅದನ್ನು ಬಳಸುತ್ತಿದ್ದವರ ಕೆಲಸ ಕೆಡುತ್ತದೆ, ಅವರು ಗಾಬರಿಯಿಂದ ಫೋನ್ ಮಾಡುತ್ತಾರೆ. ನಾವು ಗಂಟಲು ಸರಿಮಾಡಿಕೊಂಡು ಆ ಎರಡು ಪದ ಹೇಳಿ ಫೋನ್ ಇಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಅದೇ. ಎಮ್ಮೆಗಾದರೂ ಹಾಯಲು ಕೊಂಬಿರುತ್ತದೆ.

ಆ ಸೋಮವಾರ ಬೆಳಗ್ಗೆ ನಮ್ಮ ಮ್ಯಾನೇಜರ್ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಅವರಿಗೆ ಆಫೀಸಿನಲ್ಲಿ ಹಸಿರುದೀಪ ಎಂದು ಹೆಸರು. ವಾರದ ವರದಿಯಲ್ಲಿ ಪ್ರತಿ ಕೆಲಸದ ಮುಂದೆಯೂ ಕೆಂಪು, ಹಳದಿ, ಹಸಿರು ಎಂದು ಒಂದು ಚುಕ್ಕೆ ಇಡಬೇಕು. ಅವರು ಕೆಂಪು ಇಟ್ಟಿದ್ದನ್ನು ಕಂಡವರಿಲ್ಲ. ಕಟ್ಟಡಕ್ಕೆ ಬೆಂಕಿ ಬಿದ್ದರೂ ಹಳದಿ ಚುಕ್ಕೆ ಇಟ್ಟು 'ಒಳಗೆ ಸ್ವಲ್ಪ ಬಿಸಿ ಇದೆ' ಎಂದು ಬರೆಯುವ ಮನುಷ್ಯ.

"ಮೇಡಂ, ಆಸ್ಪತ್ರೆದು ಒಂದು ಸಣ್ಣ ವಿಷಯ," ಅಂದರು.

ಅವರ ಬಾಯಲ್ಲಿ ಸಣ್ಣದು ಅಂದರೆ ದೊಡ್ಡದೆಂದೇ ಅರ್ಥ. "ಏನು ಸರ್?"

"ಅಲ್ಲಿ ಲ್ಯಾಬಲ್ಲಿ ಒಬ್ಬರು ರಕ್ತದ ಟ್ಯೂಬಿನ ಲೇಬಲ್ ಅದಲುಬದಲು ಮಾಡಿದಾರೆ. ಗುರುವಾರ ಹನ್ನೊಂದಕ್ಕೆ ವಿಚಾರಣೆ ಇಟ್ಕೊಂಡಿದಾರೆ. ನಮ್ಮ ಕಡೆಯಿಂದ ಒಂದು ವರದಿ ಬೇಕಂತೆ. ನೀವೇ ಹೋಗಿ ಓದಿ ಬಂದ್ಬಿಡಿ."

"ವರದಿಲಿ ಏನಂತ ಬರೀಲಿ?"

"ಬರಿಯೋಕೆ ಏನಿದೆ? ಬಟನ್ ಎರಡು ಸಲ ಒತ್ತಿದಾರೆ. ದಾಖಲೆ ಇದೆ. ಬಳಕೆದಾರರ ತಪ್ಪು, ಅರ್ಧ ಪುಟ, ಮುಗೀತು."

ನಡೆದದ್ದು ಇಷ್ಟು. ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೋಣೆಯ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಟ್ಟವರು ನಾವು. ಪರದೆಯ ಮೇಲೆ ರೋಗಿಗಳ ಪಟ್ಟಿ ಇರುತ್ತದೆ. 'ಮುದ್ರಿಸು' ಎಂಬ ಬಟನ್ ಒತ್ತಿದರೆ ಎದುರಿಗೆ ಕೂತಿರುವ ರೋಗಿಯ ನಂಬರಿನ ಲೇಬಲ್ ಹೊರಬರುತ್ತದೆ, ಪಟ್ಟಿ ತಾನಾಗಿ ಮುಂದಿನ ರೋಗಿಗೆ ಜಾರುತ್ತದೆ. ಒಬ್ಬರಿಗೆ ಎರಡು ಟ್ಯೂಬು ಬೇಕಿದ್ದರೆ ಒಂದೇ ಒತ್ತಿಗೆ ಎರಡು ಲೇಬಲ್ ಬರುತ್ತದೆ. ಆದರೆ ಬೆಳಗಿನ ಗದ್ದಲದಲ್ಲಿ ಪ್ರಿಂಟರ್ ಹತ್ತು ಹನ್ನೊಂದು ಸೆಕೆಂಡು ಸತ್ತಂತೆ ಬಿದ್ದಿರುತ್ತದೆ. ಒತ್ತಿದ್ದು ತಲುಪಲಿಲ್ಲವೇನೋ ಎಂದು ಇನ್ನೊಂದು ಸಲ ಒತ್ತಿದರೆ ಆ ಹೊತ್ತಿಗೆ ಪಟ್ಟಿ ಜಾರಿರುತ್ತದೆ, ಹೊರಬರುವುದು ಮುಂದಿನ ರೋಗಿಯ ಲೇಬಲ್. ಗೌಪ್ಯತೆ ಎಂದು ಹೇಳಿ ಲೇಬಲ್ಲಿನಿಂದ ಹೆಸರನ್ನೂ ತೆಗೆಸಿದ್ದರು. ಇದ್ದದ್ದು ಎಂಟಂಕಿಯ ನಂಬರು, ಅಕ್ಕಪಕ್ಕದ ರೋಗಿಗಳಿಗೆ ಕೊನೆಯ ಅಂಕಿ ಮಾತ್ರ ಬೇರೆ.

ಹೀಗೆ ಒಬ್ಬರ ರಕ್ತಕ್ಕೆ ಇನ್ನೊಬ್ಬರ ನಂಬರು ಅಂಟಿತು. ಮುಂದಿನ ಸರದಿಯಲ್ಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿಗೆ ಇಲ್ಲದ ಸಕ್ಕರೆ ಕಾಯಿಲೆ ಏರಿದೆಯೆಂದು ಬಂತು, ವಾರ್ಡಿನಲ್ಲಿ ಇನ್ಸುಲಿನ್ ಚುಚ್ಚಿದರು, ಮನುಷ್ಯ ಪ್ರಜ್ಞೆ ತಪ್ಪಿದರು. ಎರಡು ದಿನ ತೀವ್ರ ನಿಗಾ ಘಟಕದಲ್ಲಿದ್ದು ಬದುಕಿ ಮನೆಗೆ ಹೋದರು. ಲೇಬಲ್ ಅಂಟಿಸಿದ ಹೆಂಗಸನ್ನು ಅಂದೇ ಕೆಲಸದಿಂದ ಅಮಾನತು ಮಾಡಿದ್ದರು. ಹತ್ತೊಂಬತ್ತು ದಿನವಾಗಿತ್ತು. ವಿಚಾರಣೆಯಲ್ಲಿ ತಪ್ಪು ಅವರದೇ ಎಂದಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಪರವಾನಗಿಯೂ ರದ್ದಾಗುತ್ತದೆ, ಮತ್ತೆ ಎಲ್ಲಿಯೂ ಸೂಜಿ ಮುಟ್ಟುವ ಹಾಗಿಲ್ಲ.

ಮಂಗಳವಾರ ಆಸ್ಪತ್ರೆಗೆ ಹೋದೆ. ನೆಲಮಹಡಿಯ ಕೊನೆಯ ಕೋಣೆ. ಒಂದು ತಿರುಗುವ ಕುರ್ಚಿ, ಅದರ ಒಂದು ಕೈ ಮುರಿದಿತ್ತು, ಅದಕ್ಕೆ ಯಾರೋ ನೀಟಾಗಿ ಬ್ಯಾಂಡೇಜ್ ಸುತ್ತಿದ್ದರು. ಕೆಂಪು, ನೇರಳೆ, ಬೂದು ಮುಚ್ಚಳದ ಟ್ಯೂಬುಗಳ ತಟ್ಟೆ. ಚಪ್ಪಲಿ ಡಬ್ಬಿಯಷ್ಟು ದೊಡ್ಡ ಲೇಬಲ್ ಪ್ರಿಂಟರ್. ಅದರ ಮೇಲಿನ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಕೆಂಪು ಪೆನ್ನಿನಲ್ಲಿ ತಿದ್ದಿ ತಿದ್ದಿ ದಪ್ಪ ಮಾಡಿದ ಅಕ್ಷರ: ಒಂದೇ ಸಲ ಒತ್ತಿ. ಕೆಳಗೆ ಸಣ್ಣದಾಗಿ: ಹನ್ನೊಂದರವರೆಗೆ ಎಣಿಸಿ.

"ಅದು ಸೂಜಿಯಕ್ಕ ಬರೆದಿದ್ದು," ಎಂದಳು ಅವರ ಜಾಗಕ್ಕೆ ಬಂದಿದ್ದ ಹೆಂಗಸು. "ನೋವೇ ಆಗದ ಹಾಗೆ ಚುಚ್ತಾರೆ ಅಂತ ವಾರ್ಡಿನವರೆಲ್ಲ ಹಾಗೆ ಕರೆಯೋದು. ಹೊರಗೆ ಬೆಂಚ್ ಮೇಲಿದಾರೆ ನೋಡಿ. ವಿವರಣೆ ಪತ್ರ ಕೊಡೋಕೆ ಬಂದಿದಾರೆ."

ಬೆಂಚಿನ ತುದಿಯಲ್ಲಿ ಐವತ್ತು ದಾಟಿದ ಒಬ್ಬರು ತೊಡೆಯ ಮೇಲೆ ಕಡತ ಇಟ್ಟುಕೊಂಡು ಕೂತಿದ್ದರು. ರೋಗಿಗಳು ಕೂರುವ ಬೆಂಚು ಅದು. ಇಪ್ಪತ್ತಾರು ವರ್ಷ ಅದೇ ಬೆಂಚಿನವರನ್ನು ಒಳಗೆ ಕರೆದವರು ಈಗ ಅದರ ಮೇಲೆ ಕೂತು ಯಾರೋ ಕರೆಯಲಿ ಎಂದು ಕಾಯುತ್ತಿದ್ದರು. ನನಗೆ ಅಲ್ಲಿಯೇ ಮೈ ಉರಿಯತೊಡಗಿತು.

"ನೀವು ಕಂಪ್ಯೂಟರಿನವರಾ?" ಅಂದರು. ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕೂತ್ಕೊಳ್ಳಿ ಮೇಡಂ. ನಿಮ್ಮವರನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿ."

"ಅದು ಎರಡು ಸಲ ಒತ್ತಿದ್ರೆ ಎಡವಟ್ಟಾಗುತ್ತೆ ಅಂತ ನಾಲ್ಕು ವರ್ಷದ ಹಿಂದೇನೇ ನಿಮ್ಮ ಆಫೀಸಿಗೆ ಫೋನ್ ಮಾಡಿ ಹೇಳಿದೀನಿ. ಒಂದೇ ಸಲ ಒತ್ತಿ ಅಂದ್ರು. ಸರಿ ಅಂತ ನಾನೇ ಗೋಡೆ ಮೇಲೆ ಬರೆದು ಅಂಟಿಸಿದೆ. ಹೊಸಬರು ಯಾರಾದ್ರೂ ಬಂದ್ರೆ ಮೊದಲು ಅದನ್ನೇ ತೋರಿಸೋದು, ಆಮೇಲೆ ಸೂಜಿ. ಅವತ್ತೂ ನಾನು ಎಣಿಸಿದೆ ಮೇಡಂ. ಹನ್ನೊಂದರ ತನಕ ಎಣಿಸಿದೆ. ಬರಲಿಲ್ಲ. ಹೊರಗೆ ನಲವತ್ತು ಜನ, ಮುಂದೆ ಕೂತಿರೋರು ತಲೆ ಸುತ್ತುತ್ತೆ ಅಂತಿದಾರೆ. ಬಂದಿಲ್ವಲ್ಲ ಅಂತ ಒತ್ತಿದೆ. ಎರಡೂ ಒಟ್ಟಿಗೆ ಬಂತು. ಎರಡು ಲೇಬಲ್ ಬಂತಲ್ಲ, ಇವರಿಗೆ ಎರಡು ಟ್ಯೂಬು ಅನ್ಕೊಂಡು ಎರಡು ತೆಗೆದು ಎರಡಕ್ಕೂ ಅಂಟಿಸಿದೆ."

ನಾನು ದಾಖಲೆ ನೋಡಿದ್ದೆ. ಅಂದು ಪ್ರಿಂಟರ್ ತೆಗೆದುಕೊಂಡದ್ದು ಹದಿನಾಲ್ಕು ಸೆಕೆಂಡು. ಮೂರು ಸೆಕೆಂಡು ಮೊದಲೇ ಎಣಿಕೆ ಮುಗಿದದ್ದು ಈ ಹೆಂಗಸಿನ ಅಪರಾಧ.

"ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿದೆ," ಅಂದರು. "ಮನೇಲಿ ಗ್ಯಾಸ್ ಆಫ್ ಮಾಡಿ, ಮತ್ತೆ ಹೋಗಿ ನೋಡ್ತೀನಿ. ಬೀಗ ಹಾಕಿ, ಮತ್ತೆ ಎಳೆದು ನೋಡ್ತೀನಿ. ಮಗಳು ಬೈತಾಳೆ. ಆ ಅಜ್ಜ ಸತ್ತೇ ಹೋಗಿದ್ರೆ ಅಂತ ಒಂದೇ ಸಮ ಅನ್ಸುತ್ತೆ. ನಾನು ನಿಜವಾಗ್ಲೂ ತಪ್ಪು ಮಾಡಿದೀನಾ ಮೇಡಂ? ಅದೊಂದು ಹೇಳಿಬಿಡಿ ಸಾಕು."

"ಇಲ್ಲ," ಅಂದೆ. ನನ್ನ ದನಿ ಕಾರಿಡಾರಿನ ಆ ತುದಿಗೆ ಕೇಳಿಸುವಷ್ಟು ಏರಿತ್ತು. "ನಿಮ್ಮದು ತಪ್ಪಲ್ಲ. ಬಟನ್ ಒತ್ತಿದ ಮೇಲೆ ಕೆಲಸ ಮುಗಿಯೋ ತನಕ ಅದಕ್ಕೆ ಬೀಗ ಬೀಳ್ಬೇಕು. ಇದು ಮೊದಲನೇ ಪಾಠ. ಯಾವ ಪುಣ್ಯಾತ್ಮ ಅದನ್ನ ಬಿಟ್ಟಿದಾನೋ ಹುಡುಕ್ತೀನಿ. ಗುರುವಾರ ಅವನ ಹೆಸರು ಹಿಡಿದು ಹೇಳ್ತೀನಿ."

ಅವರು ನನ್ನ ಮೊಣಕೈ ಮುಟ್ಟಿ, "ದೇವರು ಒಳ್ಳೇದು ಮಾಡ್ಲಿ," ಅಂದರು.

ಮಧ್ಯಾಹ್ನ ಆಫೀಸಿಗೆ ಬರುವಾಗ ಸಿಟ್ಟಿನಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ನೇರ ಹೋಗಿ ಸಂಶಯಪಿಶಾಚಿಯ ಮೇಜಿನ ಮುಂದೆ ನಿಂತೆ. ನಾವು ಬರೆದದ್ದನ್ನು ಪರೀಕ್ಷೆ ಮಾಡಿ ತಪ್ಪು ಹುಡುಕುವ ಕೆಲಸ ಅವನದು. ಮನೆಯಲ್ಲಿ ಹೆಂಡತಿ ಕಾಫಿ ಕೊಟ್ಟರೂ ಲೋಟ ಎತ್ತಿ ಅಡಿ ನೋಡುವವನು ಎಂದು ನಾವು ಆಡಿಕೊಳ್ಳುತ್ತೇವೆ.

"ಆಸ್ಪತ್ರೆ ಲೇಬಲ್ಲಾ?" ಅಂದ. ಕೇಳುವ ಮೊದಲೇ ಅವನ ಕೈ ಹಳೆಯ ದೂರುಗಳ ಪಟ್ಟಿಯ ಮೇಲಿತ್ತು. "ನಾಲ್ಕು ವರ್ಷದ ಹಿಂದೆ ನಾನೇ ಬರೆದಿದೀನಿ ನೋಡು. 'ಎರಡು ಸಲ ಒತ್ತಿದರೆ ಬೇರೆ ರೋಗಿಯ ಲೇಬಲ್ ಬರುತ್ತದೆ, ಪ್ರಾಣಾಪಾಯ.' ಕೆಂಪು ಚುಕ್ಕೆ ಇಟ್ಟಿದ್ದೆ. ಕೆಳಗೆ ಓದು."

ಕೆಳಗೆ ಹಸಿರುದೀಪರ ಉತ್ತರ ಇತ್ತು: 'ವಿನ್ಯಾಸವೇ ಹಾಗೆ. ಒಂದೇ ಸಲ ಒತ್ತಲು ತಿಳಿಸಲಾಗಿದೆ.' ಅದರ ಪಕ್ಕ ಹಸಿರು ಚುಕ್ಕೆ. ಪ್ರಾಣಾಪಾಯ ಎಂದು ಬರೆದ ಮನುಷ್ಯನಿಗೆ ವಿನ್ಯಾಸ ಎಂದು ಉತ್ತರ ಕೊಡುವವರ ಬಾಯಿಗೆ ಏನು ತುರುಕಬೇಕು?

"ಮೊದಲು ಆ ಬೀಗ ಇತ್ತೋ ಇಲ್ವೋ?" ಅಂದೆ.

"ಗೂಬೆ ಬಿಟ್ಟು ನೋಡು."

ಗೂಬೆ ಎಂದರೆ ಏನೆಂದು ಹೇಳಬೇಕು. ನಾವು ಬರೆಯುವ ಪ್ರತಿಯೊಂದು ಸಾಲನ್ನೂ ಯಾರು ಬರೆದರು, ಯಾವ ದಿನ, ಎಷ್ಟು ಗಂಟೆಗೆ ಎಂದು ಕಂಪ್ಯೂಟರ್ ನೆನಪಿಟ್ಟುಕೊಂಡಿರುತ್ತದೆ. ಅದನ್ನು ಕೇಳಲು ಒಂದು ಆಜ್ಞೆ ಇದೆ, ಇಂಗ್ಲಿಷಿನಲ್ಲಿ ಅದರ ಹೆಸರೇ ಆಪಾದನೆ ಎಂದು. ತಲೆ ಮೇಲೆ ಗೂಬೆ ಕೂರಿಸುವುದಲ್ಲವೇ ಅದು ಮಾಡುವ ಕೆಲಸ, ಹಾಗಾಗಿ ನಮ್ಮ ಆಫೀಸಿನಲ್ಲಿ ಅದು ಗೂಬೆ. ಏನಾದರೂ ಕೆಟ್ಟರೆ ಗೂಬೆ ಬಿಡುತ್ತೇವೆ, ಅದು ಹಾರಿ ಹೋಗಿ ಯಾರದಾದರೂ ಹೆಸರಿನ ಮೇಲೆ ಕೂರುತ್ತದೆ, ಉಳಿದವರು ಟೀ ಕುಡಿಯಲು ಹೋಗುತ್ತೇವೆ.

ಬಿಟ್ಟೆ. ಬೀಗದ ಸಾಲು ಅಲ್ಲಿಯೇ ಇತ್ತು, ಯಾರೂ ಅಳಿಸಿರಲಿಲ್ಲ. ಅದರ ಮುಂದೆ ಎರಡು ಓರೆಗೆರೆ ಎಳೆದಿದ್ದರು, ಅಷ್ಟೇ. ಹಾಗೆ ಎರಡು ಗೆರೆ ಎಳೆದರೆ ಆ ಸಾಲನ್ನು ಯಂತ್ರ ಓದುವುದಿಲ್ಲ, ಸತ್ತವರ ಫೋಟೊದಂತೆ ಸುಮ್ಮನೆ ಇರುತ್ತದೆ. ಪಕ್ಕದಲ್ಲಿ ಒಂದು ಟಿಪ್ಪಣಿ: 'ಸದ್ಯಕ್ಕೆ. ಡೆಮೊ ಮುಗಿದ ಮೇಲೆ ವಾಪಸ್ ಹಾಕಬೇಕು.' ಐದು ವರ್ಷದ ಹಿಂದಿನ ತಾರೀಕು. ಅದರ ಮುಂದೆ ನನ್ನ ಹೆಸರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನನಗೆ ಹೆಗಲು ಮುಟ್ಟಿಕೊಳ್ಳಬೇಕೆಂದು ಕೂಡ ಹೊಳೆದಿರಲಿಲ್ಲ. ಅಷ್ಟು ಮರೆತಿದ್ದೆ.

ಪಿಶಾಚಿ ಪರದೆ ನೋಡಿದ, ನನ್ನ ಮುಖ ನೋಡಿದ. ಯಾವತ್ತೂ ಇಲ್ಲದವನು ಎದ್ದು ಹೋಗಿ ನನಗೊಂದು ಲೋಟ ನೀರು ತಂದಿಟ್ಟ.

ಕೂತಂತೆಯೇ ಎಲ್ಲ ನೆನಪಾಯಿತು. ಆಸ್ಪತ್ರೆಯ ಸಮಿತಿಯವರು ಪ್ರೋಗ್ರಾಂ ನೋಡಲು ಬರುವ ದಿನ. ಸಭೆಯ ಕೋಣೆಯಲ್ಲಿ ಪ್ರಿಂಟರ್ ಇರಲಿಲ್ಲ. ಲೇಬಲ್ ಬರದಿದ್ದರೆ ಬೀಗ ಬಿಡುವುದಿಲ್ಲ, ಬಟನ್ ಬೂದು ಬಣ್ಣಕ್ಕೆ ತಿರುಗಿ ಹಾಗೇ ನಿಲ್ಲುತ್ತದೆ. ಹಸಿರುದೀಪ ಬಾಗಿಲಲ್ಲಿ ನಿಂತು, "ಅವರು ಲಿಫ್ಟ್ ಹತ್ತಿದಾರೆ, ಆ ಬೀಗ ತೆಗೀರಿ ಮೇಡಂ, ಸದ್ಯಕ್ಕೆ ತೆಗೀರಿ," ಎಂದು ಕೈ ಹಿಸುಕುತ್ತಿದ್ದರು. ನಾನು ಎರಡು ಗೆರೆ ಎಳೆದೆ. ಡೆಮೊ ಚೆನ್ನಾಗಿ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ನನ್ನನ್ನು ಬೇರೆ ಕೆಲಸಕ್ಕೆ ಹಾಕಿದರು. ನಮ್ಮ ಕಸುಬಿನಲ್ಲಿ 'ಸದ್ಯಕ್ಕೆ' ಎಂಬ ಪದಕ್ಕಿರುವಷ್ಟು ಆಯುಸ್ಸು ಇನ್ನಾವುದಕ್ಕೂ ಇಲ್ಲ.

ಸಂಜೆ ಮನೆಗೆ ಬಂದಾಗ ಅಮ್ಮ ಟಿವಿಯ ಮುಂದೆ ಕೂತು ರಿಮೋಟಿನ ಜೊತೆ ಜಗಳವಾಡುತ್ತಿದ್ದಳು. ಒಂದೇ ಬಟನ್ನನ್ನು ನಾಲ್ಕು ಸಲ ಕುಟ್ಟಿದಳು. ಚಾನೆಲ್ ನಾಲ್ಕು ಮನೆ ದಾಟಿ ಎಲ್ಲಿಯೋ ಹೋಗಿ ನಿಂತಿತು.

"ಒಂದೇ ಸಲ ಒತ್ತಬಾರ್ದಾ ಅಮ್ಮ!" ಎಂದು ಕಿರುಚಿದೆ. ಕಿರುಚಿದ ಮೇಲೆ ನಾನು ಏನು ಹೇಳಿದೆನೆಂದು ಕೇಳಿಸಿತು.

"ಒತ್ತಿದ್ರೆ ಹೂಂ ಅನ್ಬೇಕಲ್ಲೇ ಅದು?" ಅಂದಳು ಅಮ್ಮ, ರಿಮೋಟನ್ನು ಅಂಗೈಗೆ ಬಡಿಯುತ್ತ. "ಕರೆದಾಗ ಓ ಅನ್ನದಿದ್ರೆ ಯಾರಾದ್ರೂ ಇನ್ನೊಂದು ಸಲ ಕರೀತಾರಪ್ಪ. ನೀನು ಚಿಕ್ಕವಳಿದ್ದಾಗ ನಿನ್ನ ಊಟಕ್ಕೆ ಎಷ್ಟು ಸಲ ಕರೀತಿದ್ದೆ, ನೆನಪಿದ್ಯಾ? ಅದು ಕರೆಯೋಳ ತಪ್ಪಾ, ಓಗೊಡದೇ ಇರೋಳ ತಪ್ಪಾ?"

ಅಮ್ಮ ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದವಳು. ಕಂಪ್ಯೂಟರ್ ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿಸಿದ್ದನ್ನು ಅವಳು ಒಂದೇ ವಾಕ್ಯದಲ್ಲಿ ಹೇಳಿ ಮತ್ತೆ ಬಟನ್ ಕುಟ್ಟತೊಡಗಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾಚಿಕೆಗೆ ಅತ್ತೆ, ಸಿಟ್ಟಿಗೂ ಅತ್ತೆ.

ಬುಧವಾರ ಬೆಳಗ್ಗೆ ನಾನೇ ಹಸಿರುದೀಪರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ಹಳದಿ ಕಂಡೆ.

"ಒಳ್ಳೇದಾಯ್ತು ನೀವೇ ಹುಡುಕಿದ್ದು," ಅಂದರು. "ಆ ಗೆರೆ ತೆಗೆದುಬಿಡಿ, ಆ ಟಿಪ್ಪಣಿನೂ ತೆಗೀರಿ. ಹೊಸ ಆವೃತ್ತಿ ಅಂತ ಮುಂದಿನ ತಿಂಗಳು ಕಳಿಸೋಣ. ಹಳೇ ಇತಿಹಾಸ ಸ್ವಲ್ಪ ಕ್ಲೀನ್ ಮಾಡೋಕೆ ನಾಳೆ ಮಧ್ಯಾಹ್ನ ಒಬ್ಬರಿಗೆ ಹೇಳ್ತೀನಿ. ಆಮೇಲೆ ಯಾವ ಗೂಬೆನೂ ಕೂಗಲ್ಲ."

"ಮತ್ತೆ ಆ ಲ್ಯಾಬಿನವರು?"

"ಅದು ಆಸ್ಪತ್ರೆಯ ಒಳಗಿನ ವಿಷಯ ಮೇಡಂ."

"ಸರ್, ಬೀಗ ತೆಗೀರಿ ಅಂದಿದ್ದು ನೀವು. ನಾಲ್ಕು ವರ್ಷದ ಹಿಂದೆ ದೂರು ಮುಚ್ಚಿದ್ದೂ ನೀವು."

ಅವರಿಗೆ ಸಿಟ್ಟು ಬರಲಿಲ್ಲ. ಕನಿಕರದಿಂದ ನೋಡಿದರು, ಅದೇ ನನಗೆ ತಡೆಯಲಾಗಲಿಲ್ಲ. "ತೆಗೀರಿ ಅಂತ ನಾನು ಹೇಳಿದ್ದು ಎಲ್ಲಾದ್ರೂ ಬರಹದಲ್ಲಿದ್ಯಾ? ಇಲ್ಲ ಅಲ್ವಾ? ಗೂಬೆ ಕೂರೋದು ನಿಮ್ಮ ತಲೆ ಮೇಲೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಮನೇಲಿ ವಯಸ್ಸಾದ ತಾಯಿ ಇದಾರೆ. ಅರ್ಧ ಪುಟ ನಾನೇ ಬರೆದಿಟ್ಟಿದೀನಿ, ಓದಿ, ಟೀ ಕುಡಿದು, ಬಂದ್ಬಿಡಿ."

ಮನೆಯಲ್ಲಿ ತಾಯಿ ಇರುವುದನ್ನು ನೆನಪಿಸಿ ಬಾಯಿ ಮುಚ್ಚಿಸುವವರನ್ನು ನಾನು ಕ್ಷಮಿಸುವುದಿಲ್ಲ. ಆದರೆ ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಒಂದು ಗಂಟೆ ನಾನು ನನ್ನ ಕುರ್ಚಿಯಲ್ಲಿ ಏನೂ ಮಾಡದೆ ಕೂತಿದ್ದೆ. ಅವರ ಅರ್ಧ ಪುಟವನ್ನು ಎರಡು ಸಲ ಓದಿದೆ. ಚೆನ್ನಾಗಿಯೇ ಬರೆದಿದ್ದರು, ಎಲ್ಲಿಯೂ ಸುಳ್ಳು ಇರಲಿಲ್ಲ. ಆಕೆ ಎರಡು ಸಲ ಒತ್ತಿದ್ದು ನಿಜ ತಾನೆ. ಅಷ್ಟರಲ್ಲಿ ಮೊಣಕೈ ಮುಟ್ಟಿದ ಆ ಕೈ ನೆನಪಾಯಿತು. ದೇವರು ಒಳ್ಳೆಯದು ಮಾಡಲಿ ಎಂದು ಆಕೆ ಹರಸಿದ್ದು ಯಾರನ್ನು?

ಗೂಬೆ ತೋರಿಸಿದ ಪುಟವನ್ನೂ ಪಿಶಾಚಿಯ ದೂರನ್ನೂ ಒಟ್ಟಿಗೆ ಪ್ರಿಂಟ್ ಕೊಟ್ಟೆ. ಆಫೀಸಿನ ಪ್ರಿಂಟರ್ ಉಸಿರೆತ್ತಲಿಲ್ಲ. ಹಸಿರುದೀಪ ಕೋಣೆಯಿಂದ ಹೊರಬರುವುದು ಗಾಜಿನಲ್ಲಿ ಕಾಣುತ್ತಿತ್ತು. ನಾನು ಇನ್ನೊಂದು ಸಲ ಒತ್ತಿದೆ. ತಕ್ಷಣ ಎರಡು ಪ್ರತಿಗಳು ಒಂದರ ಹಿಂದೊಂದು ಬಂದು ಬಿದ್ದವು. ಹನ್ನೆರಡು ವರ್ಷದ ಅನುಭವ, ಕೈಯಲ್ಲಿ ಡಿಗ್ರಿ, ನಿನ್ನೆಯಷ್ಟೇ ಆ ಗೋಡೆ ಬರಹ ಓದಿ ಬಂದವಳು, ಮೂರು ಎಣಿಸುವಷ್ಟರಲ್ಲೇ ಎರಡನೆಯ ಸಲ ಒತ್ತಿದ್ದೆ. ಎರಡೂ ಪ್ರತಿಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಗುರುವಾರ ಹನ್ನೊಂದಕ್ಕೆ ಮೂರನೆಯ ಮಹಡಿಯ ಕೋಣೆ. ಉದ್ದ ಮೇಜಿನ ಆಚೆ ಆಡಳಿತಾಧಿಕಾರಿ, ಅಕ್ಕಪಕ್ಕ ಇಬ್ಬರು ಡಾಕ್ಟರು. ಈಚೆ ಸೂಜಿಯಕ್ಕ ಒಬ್ಬರೇ. ಅವರ ಮುಂದೆ ನೀರಿನ ಲೋಟ ಕೂಡ ಇಟ್ಟಿರಲಿಲ್ಲ. ನನ್ನನ್ನು ಕಂಡು ಸಣ್ಣಗೆ ನಕ್ಕರು. ತಮ್ಮ ಕಡೆಯವರು ಬಂದರೆಂದು ನಕ್ಕ ನಗೆ ಅದು.

"ಕಂಪನಿ ವರದಿ ಓದಿ," ಅಂದರು ಆಡಳಿತಾಧಿಕಾರಿ.

"ಕಂಪನಿ ಬರೆದುಕೊಟ್ಟಿದ್ದು ಅರ್ಧ ಪುಟ ಇದೆ. ಅದನ್ನ ಓದಲ್ಲ," ಅಂದೆ. ಒಂದು ಪ್ರತಿಯನ್ನು ಅವರ ಮುಂದೆ, ಇನ್ನೊಂದನ್ನು ಸೂಜಿಯಕ್ಕನ ಮುಂದೆ ಇಟ್ಟೆ. "ಬಟನ್ ಒಂದು ಸಲ ಒತ್ತಿದ ಮೇಲೆ ಲೇಬಲ್ ಬರೋ ತನಕ ಬೀಗ ಬೀಳ್ಬೇಕಿತ್ತು. ಬೀಗ ಇತ್ತು. ಐದು ವರ್ಷದ ಹಿಂದೆ ತೆಗೆದ್ರು, ವಾಪಸ್ ಹಾಕ್ಲಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮಲ್ಲೇ ಒಬ್ಬರು ಇದರಿಂದ ಪ್ರಾಣ ಹೋಗ್ಬಹುದು ಅಂತ ದೂರು ಬರೆದ್ರು. ಆ ದೂರನ್ನ ನಮ್ಮ ಮ್ಯಾನೇಜರ್ ಮುಚ್ಚಿದ್ರು, ಅದು ಎರಡನೇ ಪುಟದಲ್ಲಿದೆ. ಅವತ್ತು ಇವರು ಎರಡನೇ ಸಲ ಒತ್ತಿದ್ದು ತಪ್ಪಲ್ಲ. ಓಗೊಡದೇ ಇದ್ರೆ ಯಾರಾದ್ರೂ ಇನ್ನೊಂದು ಸಲ ಕರೀತಾರೆ."

"ಬೀಗ ತೆಗೆದವರು ಯಾರು?"

"ಮೊದಲನೇ ಪುಟ, ಕೆಳಗಿಂದ ಮೂರನೇ ಸಾಲು. ಅದು ನಾನು."

"ಮೇಲಿನವರು ಹೇಳಿದ್ರಾ?"

"ಬಾಯಲ್ಲಿ ಹೇಳಿದ್ರು. ಬರಹದಲ್ಲಿಲ್ಲ. ಗೆರೆ ಎಳೆದ ಕೈ ನಂದೇ."

ಸೂಜಿಯಕ್ಕ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಆ ಸಾಲನ್ನು ಹುಡುಕಿ ಓದಿದರು. ತುಟಿಯಾಡಿಸಿ ಓದಿದರು. ಆಮೇಲೆ ತಲೆ ಎತ್ತಿದರು. ಆ ಮುಖದಲ್ಲಿ ನನಗೆ ಕೃತಜ್ಞತೆ ಕಾಣಬಹುದೆಂದು ಎಲ್ಲೋ ಒಂದು ಮೂಲೆಯಲ್ಲಿ ನಾನು ಆಸೆಪಟ್ಟಿದ್ದೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

"ನೀನಾ?" ಅಂದರು. ಮೇಡಂ ಹೋಗಿತ್ತು, ಬಹುವಚನವೂ ಹೋಗಿತ್ತು. "ಮೊನ್ನೆ ನನ್ನ ಪಕ್ಕ ಕೂತು ಅವನ್ಯಾರೋ ಹುಡುಕ್ತೀನಿ ಅಂದ್ಯಲ್ಲ. ಅದು ನೀನಾ?"

"ಆಗ ನನಗೆ ನೆನಪಿರಲಿಲ್ಲ."

"ನೆನಪಿರಲಿಲ್ಲ!" ಕಾಗದ ಮೇಜಿಗೆ ಬಡಿಯಿತು. "ನಾನು ಒಂದು ಸೂಜಿ ಚುಚ್ಚಿದ್ರೆ ಯಾರಿಗೆ, ಯಾವ ಕೈಗೆ, ಎಷ್ಟು ಹೊತ್ತಿಗೆ ಅಂತ ಇಪ್ಪತ್ತಾರು ವರ್ಷದಿಂದ ಬರೆದಿಡ್ತಿದೀನಿ. ನೀನು ಬೀಗ ತೆಗೆದು, ಪಕ್ಕದಲ್ಲಿ ವಾಪಸ್ ಹಾಕ್ಬೇಕು ಅಂತ ಬರೆದು, ಮರೆತೇ ಹೋದ್ಯಾ? ದಿನಕ್ಕೆ ನೂರು ಸಲ ಹನ್ನೊಂದರ ತನಕ ಎಣಿಸಿದೀನಿ ನಾನು. ನಾಲ್ಕು ವರ್ಷ. ನಿಮ್ಮ ಯಂತ್ರಕ್ಕೆ ತೊಂದರೆ ಆಗ್ಬಾರ್ದು ಅಂತ! ನನ್ನ ಬುದ್ಧಿನೇ ಕೆಟ್ಟಿದೆ ಅನ್ಕೊಂಡು ಇಪ್ಪತ್ತೆರಡು ದಿನ ನಿದ್ದೆ ಮಾಡಿಲ್ಲ. ಆ ಅಜ್ಜನ ಹೆಂಡ್ತಿ ಬಂದು ನನ್ನ ಮುಖಕ್ಕೆ ಉಗಿದು ಹೋದ್ರು. ಉಗಿಸ್ಕೊಂಡೆ. ನಂದೇ ತಪ್ಪು ಅಂತ ಒರೆಸ್ಕೊಂಡೆ."

ಯಾರೋ "ಸಮಾಧಾನ, ಸಮಾಧಾನ" ಅಂದರು.

"ಯಾಕೆ ಸಮಾಧಾನ? ಆ ಅಜ್ಜನ ಹೆಂಡ್ತಿಗೆ ಹೇಳಿ ಸಮಾಧಾನ!" ಅಂದರು ಸೂಜಿಯಕ್ಕ.

ಅವರು ಅಂದದ್ದರಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ. ನಾನು ಇಡೀ ವಾರ ಊರಿಗೆಲ್ಲ ಹಂಚಿಕೊಂಡು ಬಂದ ಸಿಟ್ಟು ನಿಜವಾಗಿ ಯಾರದ್ದೋ, ಅವರ ಕೈಗೆ ಈಗ ಹೋಗಿ ಸೇರಿತ್ತು.

ಅಮಾನತು ಅಲ್ಲಿಯೇ ರದ್ದಾಯಿತು. ಇಷ್ಟು ದಿನ ತಮ್ಮ ಲ್ಯಾಬಿನವರ ಮಾತು ಕೇಳದೆ ಕಂಪನಿಯ ದಾಖಲೆ ನಂಬಿದ್ದಕ್ಕೆ ಆಡಳಿತಾಧಿಕಾರಿ ಕ್ಷಮೆ ಕೇಳಿದರೇ? ಇಲ್ಲ. ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ತಿರುಗಿ, "ಅದನ್ನ ಈಗಲೇ ಸರಿಮಾಡಿ ಹೋಗಿ," ಅಂದರು. ಸೂಜಿಯಕ್ಕನಿಗೆ, "ನೀವೇ ಜೊತೆಗಿದ್ದು ಒತ್ತಿ ನೋಡಿ. ಆದೇಶ ನಾಳೆ ಕೈಗೆ ಬರುತ್ತೆ," ಅಂದರು.

ಮೆಟ್ಟಿಲಿಳಿಯುವಾಗ ನನ್ನ ಫೋನು ಗುಟುರು ಹಾಕಿತು. ಹಸಿರುದೀಪರ ಸಂದೇಶ. ಸುದ್ದಿ ನನಗಿಂತ ಮೊದಲೇ ಮೆಟ್ಟಿಲಿಳಿದಿತ್ತು. 'ಕಂಪನಿಯ ನಿಲುವು: ಇದು ಒಬ್ಬ ಇಂಜಿನಿಯರರ ವೈಯಕ್ತಿಕ ತಪ್ಪು. ನಾಳೆಯಿಂದ ಬರಬೇಡಿ. ಪತ್ರ ಕಳಿಸುತ್ತೇವೆ.' ಬಳಕೆದಾರರು ಎಂದಿದ್ದ ಜಾಗದಲ್ಲಿ ಇಂಜಿನಿಯರ್ ಎಂದು ಬಂದಿತ್ತು, ವಾಕ್ಯ ಅದೇ. ಎಮ್ಮೆ ಬದಲಾಗಿತ್ತು, ಬರೆಯ ಕಬ್ಬಿಣ ಬದಲಾಗಿರಲಿಲ್ಲ. ಬೈಯಬೇಕೆನಿಸಿತು. ಆದರೆ ಆಗ ನನ್ನ ಮುಂದೆ ಸೂಜಿಯಕ್ಕ ನಡೆಯುತ್ತಿದ್ದರು, ನನ್ನ ಗೋಳು ಕೇಳಬೇಕಾದವರು ಅವರಲ್ಲ. ಫೋನ್ ಒಳಗಿಟ್ಟೆ.

ಬ್ಯಾಂಡೇಜ್ ಸುತ್ತಿದ ಕುರ್ಚಿಯಲ್ಲಿ ಕೂತು ನನ್ನ ಲ್ಯಾಪ್‌ಟಾಪಿನಲ್ಲಿ ಆ ಸಾಲನ್ನು ತೆರೆದೆ. ಮುಂದಿದ್ದ ಎರಡು ಗೆರೆಗಳನ್ನು ಅಳಿಸಿದೆ. ಆಸ್ಪತ್ರೆಯ ಕಂಪ್ಯೂಟರಿಗೆ ಹಾಕಿ, ಇಲ್ಲದ ರೋಗಿಯೊಬ್ಬನ ಹೆಸರಿನಲ್ಲಿ ನಾಲ್ಕಾರು ಸಲ ಪರೀಕ್ಷೆ ಮಾಡಿ ಎದ್ದೆ. ಸೂಜಿಯಕ್ಕ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದರು. ಬಂದು ಕುರ್ಚಿಯಲ್ಲಿ ಕೂತರು, ಬಟನ್ ಒತ್ತಿದರು. ಅದು ಬೂದು ಬಣ್ಣಕ್ಕೆ ತಿರುಗಿತು. ಮತ್ತೆ ಒತ್ತಿದರು. ಮತ್ತೆ,  ಮತ್ತೆ, ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು ಒತ್ತಿದರು. ಒಂದೇ ಒಂದು ಲೇಬಲ್ ಬಂತು.

"ಎಷ್ಟು ಹೊತ್ತಾಯ್ತು ಇದಕ್ಕೆ?" ಅಂದರು, ನನ್ನ ಕಡೆ ನೋಡದೆ.

"ಇಪ್ಪತ್ತು ನಿಮಿಷ."

"ಸರಿ ಮಾಡೋದಕ್ಕೆ?"

"ಅದಕ್ಕೆ ಒಂದು ನಿಮಿಷನೂ ಬೇಡ. ಉಳಿದಿದ್ದು ಪರೀಕ್ಷೆ ಮಾಡೋಕೆ."

ಅವರು ಎದ್ದು ಗೋಡೆಯ ಮೇಲಿನ ಕಾಗದವನ್ನು ಉಗುರಿನಿಂದ ಎಬ್ಬಿಸಿ ಕಿತ್ತರು. ನಾಲ್ಕು ಮೂಲೆಯ ಟೇಪಿನ ಜೊತೆ ಸುಣ್ಣವೂ ಎದ್ದುಬಂತು. ಅದನ್ನು ನನ್ನ ಕೈಗೆ ಕೊಟ್ಟರು.

"ತಗೊಂಡು ಹೋಗು," ಅಂದರು. "ಇದು ನಿಂದು."

ಹೊರಗೆ ಬೆಂಚು ತುಂಬಿತ್ತು. ಅವರ ಜಾಗಕ್ಕೆ ಬಂದಿದ್ದವಳು, "ಅಕ್ಕ, ಆದೇಶ ನಾಳೆ ಅಲ್ವಾ?" ಅಂದಳು. "ಕ್ಯೂ ಇವತ್ತೇ ಇದೆಯಲ್ಲೇ," ಎಂದು ಸೂಜಿಯಕ್ಕ ಕೈ ತೊಳೆದು ಕೈಗವಸು ಹಾಕಿಕೊಂಡರು. "ಮುಂದಿನವರು ಬನ್ನಿ."

ನಾನು ಕಾಗದ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಜ್ಜಿಯೊಬ್ಬರು ಬಂದು ಕೂತರು. ಸೂಜಿಯಕ್ಕ ಬಟನ್ ಒತ್ತಿದರು, ಒಂದೇ ಸಲ. ಇನ್ನು ಎಷ್ಟು ಸಲ ಒತ್ತಿದರೂ ಏನೂ ಆಗದು ಎಂದು ಈಗಷ್ಟೇ ಕಣ್ಣಾರೆ ನೋಡಿದ್ದರು. ಆದರೂ ಕೈಯನ್ನು ಬಟನ್ನಿನಿಂದ ದೂರ, ಎದೆಯ ಹತ್ತಿರ ಎತ್ತಿ ಹಿಡಿದಿದ್ದರು. ತುಟಿ ಅಲುಗುತ್ತಿತ್ತು. ಒಂದು, ಎರಡು, ಮೂರು.